ಎರಡನೇ ಕ್ರೇನಿನ ಮಾತು

ಗ್ರೀಸು ತೊಳೆಯುವ ಆ ಮರಳು ಮರಳಾದ ಸೋಪಿಗೆ ಕಿತ್ತಳೆ ಸಿಪ್ಪೆಯ ವಾಸನೆ. ಹೋದ ವಾರ, ನಾನೀಗ ಇರುವ ಮಾಸನ್ ಲೇಕ್ಸಿನ ನಮ್ಮ ಆಫೀಸಿನ ಹಿಂದಿನ ವರ್ಕ್‌ಶಾಪಿನಲ್ಲಿ ಅದನ್ನು ಅಂಗೈಗೆ ಹಾಕಿಕೊಂಡವನು ನಲ್ಲಿ ತಿರುಗಿಸುವುದನ್ನೇ ಮರೆತು ನಿಂತೆ. ಪರ್ತ್ ನಗರದಲ್ಲಿ ನನ್ನೊಡನೆ ಕೆಲಸ ಮಾಡಿದ ಅಂಕಲ್ ಕೈಯಿಂದ ಸದಾ ಇದೇ ವಾಸನೆ ಬರುತ್ತಿತ್ತು...

2013ರಲ್ಲಿ ನಾವಿಬ್ಬರೂ ಆ ನಗರದ ಹೊರವಲಯದ ವೆಲ್ಷ್‌ಪೂಲಿನ ಒಂದು ಶೆಡ್ಡಿನಲ್ಲಿದ್ದೆವು. ಗಣಿಯೊಂದಕ್ಕೆ ಅದಿರು ಪುಡಿ ಮಾಡುವ ಯಂತ್ರ ಕಟ್ಟಿಕೊಡುವ ಮೂರು ವರ್ಷದ ಕೆಲಸ. ನಾನು ಮೈಸೂರಿನಿಂದ ಹೋದ ಎಂಜಿನಿಯರು. ಅವರು ಕ್ರೇನುಗಳ ಮೇಸ್ತ್ರಿ, ಕೋಲಾರದ ಕಡೆಯವರು, ನನ್ನ ತಂದೆಯ ವಯಸ್ಸು. ತಿಂಗಳ ಕೊನೆಗೆ ಪ್ರಗತಿ ವರದಿ ಹೋಗಬೇಕಿತ್ತು. ಅವರಿಗೆ ಇಂಗ್ಲಿಷ್ ಅರ್ಥವಾಗುತ್ತಿತ್ತು, ಆಡಲು ಅಷ್ಟಾಗಿ ಬಾರದು, ಬರೆಯಲು ಬರುತ್ತಲೇ ಇರಲಿಲ್ಲ. ಊಟದ ಹೊತ್ತಿಗೆ ಪಕ್ಕ ಕೂತು ಕನ್ನಡದಲ್ಲಿ ಹೇಳುತ್ತಿದ್ದರು. “ಸ್ವಲ್ಪ ಪೌಡರ್ ಹಚ್ಚಿ ಬರಿಯಪ್ಪ, ಓದೋರಿಗೆ ಚೆನ್ನಾಗಿ ಕಾಣ್ಲಿ” ಎಂದು ನಗುತ್ತಿದ್ದರು.

ಒಂದು ತಿಂಗಳು ಮಾತ್ರ ನಗಲಿಲ್ಲ. “ಎರಡನೇ ಕ್ರೇನಿನ ಬ್ರೇಕು ಜಾರ್ತದೆ. ನಿಲ್ಸಿದ್ರೂ ಲೋಡು ಒಂದೊಂದಿಂಚು ಇಳೀತದೆ. ಇದಕ್ಕೆ ಪೌಡರ್ ಬೇಡ, ಹಂಗೇ ಬರಿ.”

ಬರೆದರೆ ಕೆಲಸ ನಿಲ್ಲುತ್ತಿತ್ತು. ಆ ದೇಶದಲ್ಲೇ ಕಾಯಂ ಉಳಿಯಲು ಬೇಕಾದ ನನ್ನ ಪಿಆರ್ ಅರ್ಜಿಗೆ ಮ್ಯಾನೇಜರ್ ಸಹಿ ಹಾಕಬೇಕಿದ್ದ ವಾರ ಅದು. ಮುಂದಿನ ತಿಂಗಳು ಬರೆದರಾಯಿತು ಅಂದುಕೊಂಡು ಹಳೆಯ ವರದಿಯ ಸಾಲನ್ನೇ ತಂದು ಅಂಟಿಸಿದೆ: ಸುರಕ್ಷತೆಯ ಬಗ್ಗೆ ದೂರುಗಳಿಲ್ಲ.

ಹತ್ತು ದಿನವೂ ಆಗಿರಲಿಲ್ಲ. ಆ ಕ್ರೇನಿನ ಹತ್ತಿರ ಬಗ್ಗಿ ಅಳತೆ ತೆಗೆಯುತ್ತಿದ್ದೆ. ಮೇಲೆ ಸರಪಳಿಯ ಸದ್ದು... ಈಗಲೂ ಲಿಫ್ಟ್ ಕುಲುಕಿ ನಿಂತರೆ ಅದೇ ಸದ್ದು ಕೇಳಿ ತಲೆ ತಗ್ಗಿಸುತ್ತೇನೆ. ಯಾರೋ ಹಿಂದಿನಿಂದ ಕಾಲರ್ ಹಿಡಿದು ಎಳೆದರು. ನಾನಿದ್ದ ಜಾಗದಲ್ಲಿ ಉಕ್ಕಿನ ಚೌಕಟ್ಟು ಬಿದ್ದಿತ್ತು. ಅಂಕಲ್‌ರ ಬಲಗಾಲಿನ ಪಾದ ಅದರಡಿ ಸಿಕ್ಕಿಕೊಂಡಿತ್ತು. ಎಳೆದವರು ಅವರೇ.

ಕೆಲವು ವಾರ ಕಳೆದು, ಊರುಗೋಲು ಹಿಡಿದು ಬಂದ ಅವರನ್ನು ಕೂರಿಸಿಕೊಂಡು ಮ್ಯಾನೇಜರ್ ಕೇಳಿದ, ಮೊದಲೇ ಯಾಕೆ ಹೇಳಲಿಲ್ಲ ಎಂದು. ಅವರು ನನ್ನತ್ತ ಕೈ ತೋರಿಸಿ, ಹರಕು ಇಂಗ್ಲಿಷಿನಲ್ಲಿ, ಇವನಿಗೆ ಹೇಳಿದ್ದೆ ಅಂದರು. ನನಗೆ ನೆನಪಿಲ್ಲ ಅಂದೆ. ಕನ್ನಡದಲ್ಲಿ ಆಡಿದ ಮಾತು, ಬೇರೆ ಸಾಕ್ಷಿ ಯಾರಿದ್ದರು?

ಅಂಕಲ್ ನನ್ನನ್ನೇ ನೋಡಿ ಮೆಲ್ಲಗೆ ಕೇಳಿದರು: “ಏನಪ್ಪಾ, ನಿಜವಾಗ್ಲೂ ಮರ್ತುಬಿಟ್ಯಾ?”

ಏನಂತಾರೆ, ಎಂದ ಮ್ಯಾನೇಜರ್.

“ಹೇಳೋಕೆ ಮರೆತೆ ಅಂತಿದ್ದಾರೆ” ಎಂದು ಇಂಗ್ಲಿಷಿನಲ್ಲಿ ಹೇಳಿದೆ.

ಅವರಿಗೆ ಅದು ಅರ್ಥವಾಯಿತು. ಊರುಗೋಲಿಗೆ ಕೈ ಚಾಚಿದರು. ಅವರ ಕೆಲಸ ಹೋಯಿತು, ಗಂಡ ಹೆಂಡತಿ ಬ್ರಿಸ್ಬೇನಿನ ಮಗಳ ಮನೆಗೆ ಹೋದರು. ನನಗೆ ಪಿಆರ್ ಬಂತು.

ಸೋಪಿನ ವಾಸನೆ ಬಡಿದ ಮರುದಿನ ಸ್ನೇಹಿತನೊಬ್ಬನಿಂದ ನಂಬರ್ ಪಡೆದು ಬ್ರಿಸ್ಬೇನ್ ಕಡೆಯ ಸ್ಪ್ರಿಂಗ್‌ಫೀಲ್ಡ್ ಲೇಕ್ಸಿನ ಆ ಮನೆಗೆ ಫೋನ್ ಮಾಡಿದೆ. ಮಗಳು ಎತ್ತಿದಳು. ಅಪ್ಪ ತೀರಿಕೊಂಡು ಒಂದು ವರ್ಷವಾಯಿತು ಎಂದಳು, ಇಂಗ್ಲಿಷಿನಲ್ಲಿ. ಪರ್ತಿನ ಶೆಡ್ಡಿನಲ್ಲಿ ಅವರ ಜೊತೆಗಿದ್ದವನು ಎಂದಾಗ, “ಓ, ಅಪ್ಪ ಕ್ರೇನ್ ವಿಷ್ಯ ಹೇಳೋಕೆ ಮರೆತಿದ್ರಲ್ಲಾ, ಆಗ ನೀವೂ ಅಲ್ಲಿದ್ರಾ?” ಎಂದು ಕೇಳಿದಳು.

“ಮರೆತಿರಲಿಲ್ಲ. ನನಗೆ ಹೇಳಿದ್ರು” ಅಂದೆ. ಉಳಿದದ್ದನ್ನೂ ಹೇಳಿದೆ.

“ಅಮ್ಮನಿಗೆ ಕೊಡ್ತೀನಿ. ಅವಳಿಗೂ ಹೇಳಿ. ಕನ್ನಡದಲ್ಲಿ” ಎಂದಳು.

ಆಂಟಿ ಪೂರ್ತಿ ಕೇಳಿಸಿಕೊಂಡರು. ನನ್ನನ್ನು ಬೈಯಲಿಲ್ಲ. “ನಾನು ಅವರನ್ನ ಎಷ್ಟು ಬೈದೆನಪ್ಪ... ಮರೆವು, ಮರೆವು ಅಂತ” ಎಂದರು. “ಒಂದು ಸಲವಾದ್ರೂ ಬಾಯಿ ಬಿಡಬಾರ್ದಿತ್ತಾ ಅವರು.”

ಅದಕ್ಕೆ ಉತ್ತರ ಕೊಡಬೇಕಾದವರು ಇರಲಿಲ್ಲ.