ಕುಂಚದ ತುದಿಯ ಕೇಸರಿ

ಮಗಳು ಹುಟ್ಟಿದಾಗ ನಾನು ಬಾಣಂತನಕ್ಕೆಂದು ಗಂಗಾವತಿಯಿಂದ ಕಿನ್ನಾಳದ ತವರಿಗೆ ಬಂದಿದ್ದೆ. ಮೂರನೆಯ ತಿಂಗಳಿಗೆ ಕೈ ಸುಮ್ಮನಿರಲಾರದಾಯಿತು. ಗೊಂಬೆ ಮಾಡುತ್ತಿದ್ದ, ತೀರಿಹೋದ ಅಜ್ಜನ ಬಣ್ಣದ ಡಬ್ಬಿಯೂ ಬಣ್ಣ ಕಾಣದ ಒಂದಷ್ಟು ಕಟ್ಟಿಗೆಯ ಗಿಳಿಗಳೂ ಅಟ್ಟದಲ್ಲಿ ಸಿಕ್ಕವು. ಡಬ್ಬಿಯೊಳಗೆ ಕೇಸರಿ ಬಣ್ಣದ ಪುಡಿ. ಮಧ್ಯಾಹ್ನ ಅವ್ವ ಮಲಗಿದಾಗ ತೊಟ್ಟಿಲ ಪಕ್ಕದಲ್ಲೇ ಕೂತು, ಅದನ್ನು ಅಂಟಿನಲ್ಲಿ ಕಲಸಿ ಆ ಗಿಳಿಗಳಿಗೆ ಹಚ್ಚುತ್ತಿದ್ದೆ. ಬೆಳಕಿಂಡಿಯಿಂದ ಇಳಿದ ಬಿಸಿಲಲ್ಲಿ ಪುಡಿಯ ಕಣಗಳು ತೇಲುತ್ತಿದ್ದವು. ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಅಜ್ಜ ಮಾಡುತ್ತಿದ್ದಂತೆಯೇ ಕುಂಚದ ತುದಿಯನ್ನು ತುಟಿಯಲ್ಲಿಟ್ಟು ಚೂಪು ಮಾಡುತ್ತಿದ್ದೆ. ಮಗು ಅತ್ತರೆ ಕೈಯನ್ನು ಸೆರಗಿಗೆ ಒರೆಸಿ ಎದೆಗೆ ಹಚ್ಚಿಕೊಳ್ಳುತ್ತಿದ್ದೆ.

ಲಸಿಕೆಯ ದಿನ ನೆನಪಿಸಲು ಬಂದ ಆಶಾ ಕಾರ್ಯಕರ್ತೆ ಬಾಗಿಲಲ್ಲೇ ನಿಂತರು.

"ತುಟಿಗೆ ಅದೇನ್ರಿ?"

"ಬಣ್ಣ ರೀ. ನಮ್ಮಜ್ಜಂದು."

"ಹಳೇ ಕೇಸರಿ ಬಣ್ಣದಾಗ ಸೀಸ ಇರಬಹುದ್ರಿ. ಅದು ಭಾಳ ಕೆಟ್ಟ. ಕೈಯಿಂದ, ಧೂಳಿಂದ, ಹಾಲಿಂದನೂ ಕೂಸಿಗೆ ಹೋಗತೈತಿ. ಇಬ್ಬರ ರಕ್ತಾನೂ ತೋರಿಸ್ರಿ."

ಅಷ್ಟರಲ್ಲಿ ಎದ್ದು ಬಂದ ಅವ್ವ, "ನಮ್ಮ ಮಾವ ಜೀವನಪೂರ್ತಿ ಇದನ್ನೇ ಹಚ್ಚಿದ್ರು. ಏನಾತು ಅವರಿಗೆ?" ಎಂದವಳು ಡಬ್ಬಿಯನ್ನು ಎತ್ತಿ ನೋಡಿದಳು. ಆಮೇಲೆ ಮೆಲ್ಲಗೆ ಅಂದಳು: "ಹೊಟ್ಟಿ ಹಿಡಕೊಂಡು ಒದ್ದಾಡತಿದ್ರು. ನಾವು ಗ್ಯಾಸ್ ಅಂತ ತಿಳಿದಿದ್ವಿ."

ಮರುದಿನ ಕೊಪ್ಪಳದ ಆಸ್ಪತ್ರೆಯಲ್ಲಿ ರಕ್ತ ಕೊಟ್ಟೆವು. "ಹಾಲು ಬಿಡಿಸಲೇನ್ರಿ?" ಎಂದು ಕೇಳಿದೆ.

"ರಿಪೋರ್ಟ್ ಬರೋತನಕ ಬಿಡಿಸಬ್ಯಾಡ್ರಿ. ಬಣ್ಣ ಬಿಡ್ರಿ," ಎಂದರು ಡಾಕ್ಟರಮ್ಮ.

ಗಿಳಿಗಳನ್ನೂ ಡಬ್ಬಿಯನ್ನೂ ಚೀಲದಲ್ಲಿ ಬಿಗಿದು ಮನೆಯಿಂದ ಹೊರಗಿಟ್ಟೆವು. ಧೂಳೇಳಬಾರದೆಂದು ಅವ್ವ ಕಸ ಗುಡಿಸದೆ ನೆಲವನ್ನೆಲ್ಲ ಒದ್ದೆ ಬಟ್ಟೆಯಿಂದ ಒರೆಸಿದಳು, ನನ್ನ ಸೀರೆಗಳನ್ನು ಬೇರೆಯಾಗಿ ಒಗೆದಳು. ನಾನು ಸಾಬೂನು ಹಚ್ಚಿ ಕೈ ತೊಳೆಯದೆ ಮಗುವನ್ನು ಮುಟ್ಟಲಿಲ್ಲ. ಆದರೂ ಹಾಲೂಡಿಸುತ್ತ ಕಣ್ಣು ಮುಚ್ಚಿದರೆ ಕೇಸರಿ ಗಿಳಿಗಳು ಒಂದೊಂದಾಗಿ ನನ್ನೊಳಗಿಂದ ಅವಳೊಳಗೆ ಹಾರಿಹೋಗುತ್ತಿದ್ದವು. ಬೆಚ್ಚಿ ಎಚ್ಚರಾದರೆ ಅವಳು ಹಾಲು ಸುರಿಸಿಕೊಂಡು ನಗುತ್ತಿದ್ದಳು.

ರಿಪೋರ್ಟ್ ಬಂತು. ನನ್ನ ರಕ್ತದಲ್ಲಿ ಸೀಸ ತುಸು ಹೆಚ್ಚಿತ್ತು. ಮಗಳ ರಕ್ತದಲ್ಲಿ ಚಿಂತೆ ಪಡುವಷ್ಟಿರಲಿಲ್ಲ.

"ಹಾಲು ಕುಡಸ್ರಿ. ನೀವೂ ಹಾಲು-ಮೊಸರು, ಮೆಂತೆ, ಪಾಲಕದಂಥ ತಪ್ಪಲಪಲ್ಯ ಛಲೋತ್ನಂಗ ಉಣ್ರಿ. ಮೂರು ತಿಂಗಳ ಬಿಟ್ಟು ಮತ್ತ ಬರ್ರಿ," ಎಂದರು ಡಾಕ್ಟರಮ್ಮ.

ಮೂರು ತಿಂಗಳ ನಂತರ ನನ್ನ ರಕ್ತದ ಸೀಸವೂ ಇಳಿದಿತ್ತು. ಆಸ್ಪತ್ರೆಯ ಅಂಗಳದಲ್ಲಿ ಮಗಳು ಹಸಿದು ಅಳತೊಡಗಿದಳು. ಬೇವಿನ ನೆರಳಲ್ಲಿ ಕೂತು ಅವಳನ್ನು ಎದೆಗೆ ತೆಗೆದುಕೊಂಡೆ. ಅವ್ವ ತನ್ನ ಸೆರಗನ್ನು ಅಗಲ ಮಾಡಿ ನಮಗೆ ಮರೆ ಹಿಡಿದು ನಿಂತಳು.