ಮುದಿ ಇಲಿಗಳಿಗೆ ಅಮ್ಮನ ಕಾಫಿ

ಅರವತ್ತರ ದಶಕದ ಮೊದಲ ವರ್ಷಗಳು. ಮೈಸೂರಿನಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದ ನನಗೆ ಮೇಷ್ಟ್ರು ಕೊಟ್ಟ ಪ್ರಶ್ನೆ ಇದು: ಕಾಫಿಯಲ್ಲಿರುವ ಕೆಫೀನು ಎಳೆಯ ಇಲಿಯನ್ನು ಕುಣಿಸುವಷ್ಟೇ ಮುದಿ ಇಲಿಯನ್ನೂ ಕುಣಿಸುತ್ತದೆಯೇ? ಕಾಫಿಯಿಲ್ಲದೆ ಕಣ್ಣು ಬಿಡದ ನಮ್ಮೂರಿಗೆ ಹೇಳಿ ಮಾಡಿಸಿದ ಪ್ರಶ್ನೆ. ನನ್ನ ಪದವಿ ಈ ಪ್ರಯೋಗದ ಮೇಲೆ ನಿಂತಿತ್ತು.

ಎಳೆಯವು ಎಷ್ಟು ಬೇಕಾದರೂ ಸಿಗುತ್ತಿದ್ದವು. ಮುದಿಯವು ಇದ್ದದ್ದೇ ಒಂದು ಪಂಜರ. ಇಲಿಗೆ ಮುಪ್ಪು ಬರಲು ಎರಡು ವರ್ಷವಾದರೂ ಬೇಕು. ದಸರಾ ರಜಕ್ಕೆ ಕಾಲೇಜು ಮುಚ್ಚಿದಾಗ ಆ ಪಂಜರವನ್ನು ಜಟಕಾದಲ್ಲಿ ತೊಡೆಯ ಮೇಲಿಟ್ಟುಕೊಂಡು ಮನೆಗೆ ತಂದೆ. "ಅಯ್ಯೋ, ಇದನ್ನೆಲ್ಲಿಂದ ಹೊತ್ಕೊಂಡು ಬಂದ್ಬುಟ್ಟೆ?" ಎಂದು ಅಮ್ಮ ಮೂಗು ಮುಚ್ಚಿಕೊಂಡಳು. ಆಮೇಲೆ ನೋಡಿದರೆ ಪಂಜರ ಅಡುಗೆಮನೆಯ ಬಾಗಿಲಲ್ಲಿ, ಅವಳ ಮಣೆಯ ಎದುರಿಗೇ ಇತ್ತು.

ರಜ ಮುಗಿದು ಪ್ರಯೋಗ ನಡೆಯಿತು. ಕೆಫೀನು ಹೊಟ್ಟೆಗೆ ಹೋಗಿ ಸ್ವಲ್ಪ ಹೊತ್ತಿಗೆ ಎಳೆಯ ಇಲಿಗಳು ಮೂಲೆಮೂಲೆಗೆ ಓಡಿ, ಸರಳು ಹತ್ತಿ, ರಂಪ ಮಾಡಿದವು. ಮುದಿಯವು ಮೀಸೆ ಒರೆಸಿಕೊಂಡು ಮಲಗಿದವು. "ವಯಸ್ಸಾದ ಮೇಲೆ ಅಷ್ಟಾಗಿ ಏರೋದಿಲ್ಲ, ನೋಡಮ್ಮ!" ಎಂದು ಮೇಷ್ಟ್ರು ಕುರ್ಚಿಯಿಂದ ಎದ್ದೇಬಿಟ್ಟರು. ನಾನು ಹಿಗ್ಗಿ ಹೀರೇಕಾಯಿಯಾಗಿ ಮನೆಗೆ ಬಂದು ಅಮ್ಮನಿಗೆ ಹೇಳಿದೆ.

"ಅವಕ್ಕೆ ಕಾಫಿ ಹೊಸದೇನೇ? ರಜದಲ್ಲಿ ದಿನಾ ಬೆಳಿಗ್ಗೆ ನಾನೇ ಕೊಡ್ತಿದ್ನಲ್ಲ," ಎಂದಳು ಅಮ್ಮ. "ಎದುರಿಗೇ ಕೂತು ಪಿಳಿಪಿಳಿ ನೋಡ್ತಿದ್ವು ಕಣೆ. ಅವನ್ನ ಬಿಟ್ಟು ನಾನೊಬ್ಬಳೇ ಕುಡಿದ್ರೆ ಹೊಟ್ಟೆ ನೋಯಲ್ವೇ?"

ನಾನು ಕೂಸಾಗಿದ್ದಾಗ ಹಾಲು ಕುಡಿಸಿದ ಒಳಲೆಯಲ್ಲೇ ಅವಕ್ಕೂ ಕುಡಿಸಿದ್ದಳಂತೆ! ಪಟ್ಟ ಪಾಡೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಸಿಟ್ಟಿಗೆ ಅವತ್ತು ರಾತ್ರಿ ಊಟ ಬಿಟ್ಟೆ.

ಮಾರನೆಯ ದಿನ ಮೇಷ್ಟ್ರಿಗೆ ಹೇಳಿದೆ. ಅವರು ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಹಾಗಾದ್ರೆ ಇದು ವಯಸ್ಸೋ ಅಭ್ಯಾಸವೋ ಹೇಳೋರು ಯಾರಮ್ಮ?" ಬೇರೆ ಮುದಿ ಇಲಿಗಳಿಗೆ ಕಾಯುವಷ್ಟು ಕಾಲವಿರಲಿಲ್ಲ. ಎಳೆಯವುಗಳ ಮೇಲಷ್ಟೇ ಬರೆದು ಪದವಿ ಪಡೆದೆ. ಯಾರಿಗೂ ಬೇಡವಾದ ಆ ಮುದಿ ಇಲಿಗಳು ಮತ್ತೆ ಅಮ್ಮನ ಮಣೆಯ ಎದುರಿಗೇ ಬಂದವು.

ಎಂಬತ್ತು ದಾಟಿದ ಮೇಲೆ ಅಮ್ಮ ಲೋಟದ ತುಂಬ ಗಟ್ಟಿ ಕಾಫಿ ಕುಡಿದು ಕೂತಲ್ಲೇ ನಿದ್ದೆ ಹೋಗುತ್ತಿದ್ದಳು. ವಯಸ್ಸೋ, ಅಭ್ಯಾಸವೋ? ನನಗೆ ಇವತ್ತಿಗೂ ಗೊತ್ತಿಲ್ಲ. ಈಗ ನನಗೂ ಅದೇ ವಯಸ್ಸು. ಬೆಳಗಿನ ಕಾಫಿಯ ಹೊತ್ತಿಗೆ ಎದುರಿಗೆ ಕೂತು ನೋಡುವವರು ಯಾರೂ ಇಲ್ಲ. ಆದರೂ ಒಬ್ಬಳೇ ಕುಡಿದರೆ ಹೊಟ್ಟೆ ನೋಯುತ್ತದೆ.