ಎಲಾದಿಯೊನ ಇಂಗ್ಲಿಷು, ನನ್ನ ಮುಚ್ಚಿದ ಕಣ್ಣು

ಎಲಾದಿಯೊ ಬಾಯಿ ತೆರೆದರೆ ಹಂದಿತೊಡೆ ಮಾರಾಟವಾಗುತ್ತದೆ. ಹೊಗಳಿಕೆಗೆ ಹೇಳುತ್ತಿಲ್ಲ. ನಾನೊಬ್ಬಳೇ ಇರುವ ಮನೆ, ಅಡುಗೆಕೋಣೆಯಲ್ಲಿ ಎರಡೆರಡು ತೊಡೆ ನೇತಾಡುತ್ತಿವೆ. ಉಪ್ಪಿನಲ್ಲಿ ಹೂತು, ಬೆಟ್ಟದ ಗಾಳಿಗೆ ವರ್ಷಗಟ್ಟಲೆ ಒಣಗಿಸಿದ ಈ ಮಾಲನ್ನು ಅವನು ಸ್ಪೇನಿನ ಸಾಲಮಾಂಕದಿಂದ ಸಾಂತಂದೇರ್‌ವರೆಗಿನ ಅಂಗಡಿಗಳಿಗೆ ಮಾರುತ್ತಾನೆ. ಅಂಗಡಿಯವನ ಹೆಗಲ ಮೇಲೆ ಕೈ ಹಾಕುತ್ತಾನೆ, ಅವನ ಅತ್ತೆಯ ಮಂಡಿನೋವು ವಿಚಾರಿಸುತ್ತಾನೆ. ಆಮೇಲೆ ಇಲ್ಲದ ಚಾಕು ಹಿಡಿದು, ಇಲ್ಲದ ತೊಡೆಯಿಂದ ತೆಳ್ಳಗೆ ಒಂದು ಚೂರು ಕೊಯ್ದು, ಬೆಳಕಿಗೆ ಹಿಡಿದು ನೋಡಿ, ತನ್ನ ಬೆರಳ ತುದಿಗಳಿಗೆ ತಾನೇ ಮುತ್ತು ಕೊಡುತ್ತಾನೆ. ಅಷ್ಟರಲ್ಲಿ ಅಂಗಡಿಯವನು ಆರ್ಡರ್ ಬರೆಯತೊಡಗಿರುತ್ತಾನೆ.

ಅವನಪ್ಪನೂ ಅದೇ ದಾರಿಯಲ್ಲಿ ಅದೇ ಮಾಲು ಮಾರಿದವನು. ಅಪ್ಪನನ್ನು ಮಣ್ಣು ಮಾಡಿ ಬಂದ ಮೇಲೆ ಮಗ ಅದೇ ವ್ಯಾನು ಹತ್ತಿದ. ಮದುವೆಯಾದದ್ದೂ ಆ ವ್ಯಾನಿನ ದಾರಿಯಲ್ಲೇ. ವಿಸಿ ತನ್ನಪ್ಪನ ಅಂಗಡಿಯ ಕೌಂಟರಿನ ಹಿಂದೆ ನಿಂತಿದ್ದಳು. ತೊಡೆ ಮಾರಲು ಹೋದವನು ಅಂಗಡಿ ಬಾಗಿಲು ಹಾಕುವವರೆಗೂ ಮಾತಾಡಿದ. "ಒಪ್ಪಿಕೊಂಡ್ರಾದ್ರೂ ಬಾಯಿ ಮುಚ್ತಾನೆ ಅಂದ್ಕೊಂಡೆ," ಎನ್ನುತ್ತಾಳೆ ವಿಸಿ. ಎಲ್ಲಿಂದ ಮುಚ್ಚುತ್ತಾನೆ.

ಅವನ ಬಾಯಿ ಮುಚ್ಚಿಸಿದ್ದು ಡಚ್ಚರು. ಅವನು ಕೆಲಸ ಮಾಡುವ ತೊಡೆ ಕಂಪನಿಯನ್ನು ಅವರು ಕೊಂಡುಕೊಂಡ ಮೇಲೆ ಫೆಂಕೆ ಎಂಬ ಮೇಡಂ ಮೇಲಧಿಕಾರಿಯಾಗಿ ಬಂದಳು. ಮಾರಾಟದವರೆಲ್ಲ ಇಂಗ್ಲಿಷ್ ಮಾತಾಡಬೇಕು, ಬಾರದವರು ಉಪ್ಪಿನ ಕೋಣೆಗೆ ಹೋಗಬೇಕು ಎಂದಳು. ಉಪ್ಪಿನ ಕೋಣೆಯಲ್ಲಿ ಸಂಬಳವೇನೋ ಬರುತ್ತದೆ, ಆದರೆ ದಿನವಿಡೀ ತೊಡೆಗಳನ್ನು ಮಗುಚಿ ಹಾಕುತ್ತ ಒಬ್ಬನೇ ಇರಬೇಕು. ತೊಡೆಗೆ ಅತ್ತೆಯೂ ಇಲ್ಲ, ಮಂಡಿನೋವೂ ಇಲ್ಲ. ಎಲಾದಿಯೊನಂಥವನನ್ನು ಅಲ್ಲಿ ಕೂಡಿಹಾಕಿದರೆ ಮೂರು ತಿಂಗಳಲ್ಲಿ ಹುಚ್ಚು ಹಿಡಿಯುತ್ತದೆ ಎಂದು ವಿಸಿ ಎದೆ ಬಡಿದುಕೊಂಡಳು. ಕಲಿತು ಬಾ ಎಂದು ಕಂಪನಿ ಅವನನ್ನು ನಮ್ಮೂರ ಹೋಟೆಲಿನ ಇಂಗ್ಲಿಷ್ ವಾರಕ್ಕೆ ಕಳಿಸಿತು.

ನಾನು ಆ ವಾರದ ಸ್ವಯಂಸೇವಕಿ, ಹೆಸರು ಡಿಂಪ್ನಾ. ಐರ್ಲೆಂಡಿನ ಸ್ಲೈಗೊದಲ್ಲಿ ಬಸ್ಸು ಓಡಿಸಿ ನಿವೃತ್ತಳಾದವಳು. ಈ ಸೇವೆ ಏನೆಂದರೆ, ಇಂಗ್ಲಿಷಿನಲ್ಲೇ ಹುಟ್ಟಿ ಬೆಳೆದವರು ತಮ್ಮ ಖರ್ಚಿನಲ್ಲಿ ವಿಮಾನ ಹತ್ತಿ ಬಂದು, ಬೆಳಗಿನಿಂದ ರಾತ್ರಿವರೆಗೆ ಸ್ಪೇನಿನವರ ಜೊತೆ ಹರಟೆ ಹೊಡೆಯಬೇಕು. ಊಟ, ಹಾಸಿಗೆ ಪುಕ್ಕಟೆ. ಹೋಟೆಲಿನ ಗೇಟಿನೊಳಗೆ ಸ್ಪ್ಯಾನಿಷ್ ಆಡುವಂತಿಲ್ಲ. ಮನೆಯಲ್ಲಿ ತಮ್ಮ ಮಾತು ಯಾರೂ ಕೇಳಿಸಿಕೊಳ್ಳದವರಿಗೆ ಇದಕ್ಕಿಂತ ದೊಡ್ಡ ಸ್ವರ್ಗ ಬೇಕೆ? ಹಾಗೆ ಬಂದವಳು ನಾನು ವಾಪಸು ಹೋಗುವುದನ್ನೇ ಬಿಟ್ಟು, ಬ್ರೆಡ್ಡಿನಂಗಡಿಯ ಮೇಲಿನ ಮನೆ ಹಿಡಿದು ಇಲ್ಲೇ ಉಳಿದೆ. ಈಗಲೂ ತಂಡ ಬಂದಾಗಲೆಲ್ಲ ಸೇರಿಕೊಳ್ಳುತ್ತೇನೆ. ಅದು ನನ್ನ ಸೇವಾಭಾವ ಎಂದು ವಾರ ನಡೆಸುವ ಬೆಗೋನ್ಯ ನಂಬಿದ್ದಾಳೆ. ಅಸಲು ಕಾರಣ ಹೋಟೆಲಿನ ದಪ್ಪ ಬೀನ್ಸಿನ ಸಾರು.

ಮೊದಲ ದಿನ ಅಂಗಳದ ಕಲ್ಲುಬೆಂಚಿನಲ್ಲಿ ಎಲಾದಿಯೊ ನನ್ನೆದುರು ಕೂತ. ಬೆವರು ಒರೆಸಿಕೊಂಡು ಇಂಗ್ಲಿಷಿನಲ್ಲಿ, "ನಾನು ಎಲಾದಿಯೊ. ನಾನು ಹಂದಿ," ಎಂದ. ತುಂಬ ಹೊತ್ತು ಯೋಚಿಸಿ, "ಕಾಲು," ಎಂದು ಸೇರಿಸಿದ. ಅಲ್ಲಿಗೆ ಅವನ ಸರಕು ಮುಗಿಯಿತು.

ಪಕ್ಕದಲ್ಲಿದ್ದ ಕೆನಡಾದ ನಿವೃತ್ತ ಜಡ್ಜು, "ಅದ್ಭುತ, ಎಷ್ಟು ಸ್ಪಷ್ಟ," ಎಂದು ಬೆನ್ನು ತಟ್ಟಿದರು. ಆಸ್ಟ್ರೇಲಿಯಾದ ಹಲ್ಲಿನ ಡಾಕ್ಟರಮ್ಮ ಚಪ್ಪಾಳೆ ಹೊಡೆದಳು. ಇದು ನಮ್ಮ ಸ್ವಯಂಸೇವಕರಿಗೆ ಅಂಟಿದ ಜಾಡ್ಯ. ಪುಕ್ಕಟೆ ಊಟದ ಋಣ ತೀರಿಸಲು ಎಲ್ಲರನ್ನೂ ಹೊಗಳುತ್ತೇವೆ. ಕೆಮ್ಮಿದರೂ ಉಚ್ಚಾರ ಚೆನ್ನಾಗಿದೆ ಎನ್ನುತ್ತೇವೆ.

ಗೇಟಿನಾಚೆ ಕಸದ ತೊಟ್ಟಿಗಳಿವೆ. ಸ್ಪ್ಯಾನಿಷ್ ಆಡದೆ ಉಸಿರು ಕಟ್ಟಿದವರೆಲ್ಲ ಬಂದು ನಿಲ್ಲುವುದು ಅಲ್ಲೇ. ಎರಡನೆಯ ದಿನ ಎಲಾದಿಯೊ ನನ್ನನ್ನೂ ಅಲ್ಲಿಗೆ ಎಳೆದುಕೊಂಡು ಹೋದ.

"ನಿಜ ಹೇಳಮ್ಮಾ ಡಿಂಪ್ನಾ. ಎಲ್ಲಾರೂ ಚೆನ್ನಾಗಿದೆ ಚೆನ್ನಾಗಿದೆ ಅಂತಾರೆ. ಆ ಜಡ್ಜ್ ಸಾಹೇಬ್ರಂತೂ ನನ್ ಮಾತು ಕೇಳಿ ಕಣ್ಣಲ್ಲಿ ನೀರು ಹಾಕ್ಕೊಂಡ್ರು."

"ಅವರಿಗೆ ಧೂಳು ಆಗಲ್ಲ ಕಣೋ."

"ಅಂದ್ರೆ ಚೆನ್ನಾಗಿಲ್ವಾ?"

"ಊಟದ ಗಂಟೆ ಹೊಡೀತು, ನಡಿ," ಎಂದೆ. ಸತ್ಯ ಹೇಳಲು ಧೈರ್ಯ ಬರಲಿಲ್ಲ. ಸಾರು ಬೇರೆ ಆರುತ್ತಿತ್ತು.

ಊಟದ ಮೇಲೆ ಬಾರಿನಲ್ಲಿ ಮುಸ್ ಆಟ. ಅದು ಇಸ್ಪೀಟಿನಾಟ, ಇಬ್ಬಿಬ್ಬರು ಜೋಡಿ. ಜೋಡಿಗಳು ಎದುರುಬದುರು ಕೂತು, ಕೈಯಲ್ಲಿ ಏನಿದೆ ಎಂದು ಮುಖದಲ್ಲೇ ಸನ್ನೆ ಮಾಡಿಕೊಳ್ಳಬಹುದು. ತುಟಿ ಕಚ್ಚಿದರೆ ಎರಡು ರಾಜ, ನಾಲಿಗೆಯ ತುದಿ ತೋರಿಸಿದರೆ ಎರಡು ಎಕ್ಕ. ಬಾರಿನ ಒನೋಫ್ರೆ ಮತ್ತು ನಮ್ಮೂರ ಪಾದ್ರಿ ದೋನ್ ಅಬುಂದಿಯೊ ಒಂದು ಜೋಡಿ. ಎಲಾದಿಯೊಗೆ ಜೋಡಿ ಇರಲಿಲ್ಲ, ನನ್ನನ್ನು ಹಿಡಿದ. ಕಸದ ತೊಟ್ಟಿಯ ಪಕ್ಕದಲ್ಲೇ ನಿಂತು ಪಾಠ ಮಾಡಿದ.

"ಎಲೆ ಏನೂ ಇಲ್ಲ ಅಂದ್ರೆ ಎರಡೂ ಕಣ್ಣು ಮುಚ್ಚು. ಕುರುಡು ಅಂತ ಅರ್ಥ. ಒಂದೇ ಕಣ್ಣು ಮುಚ್ಚಿದ್ರೆ ಅದು ಬೇರೆ, ಅದು ಒಳ್ಳೇ ಎಲೆ."

"ಏನೂ ಇಲ್ದಿದ್ರೂ ತುಟಿ ಕಚ್ಚಿದ್ರೆ? ಪಾದ್ರಿ ನೋಡಿ ಹೆದರ್ಕೊಳ್ಳಲಿ ಅಂತ."

ಅವನ ಮುಖ ಕಪ್ಪಿಟ್ಟಿತು. "ಪಂಥ ಕಟ್ಟುವಾಗ ಪಾದ್ರಿಗೆ ಎಷ್ಟು ಬೇಕಾದ್ರೂ ಸುಳ್ಳು ಹೇಳು. ಅವರು ನಮಗೆ ಭಾನುವಾರ ಹೇಳಲ್ವಾ? ಆದ್ರೆ ಜೊತೆಗಾರನಿಗೆ ಸುಳ್ಳು ಸನ್ನೆ ಮಾಡಿದ್ಯೋ, ಈ ಊರಲ್ಲಿ ನಿನಗೆ ಒಂದು ಲೋಟ ಕಾಫಿ ಹುಟ್ಟಲ್ಲ. ಆಟದಲ್ಲಿ ಅದೊಂದು ಮಾತ್ರ ಇಲ್ಲ."

ಆಡಿದೆವು. ಬಾರೂ ಗೇಟಿನೊಳಗೇ ಇದ್ದುದರಿಂದ ಅಲ್ಲೂ ಇಂಗ್ಲಿಷೇ, ಆದರೆ ಮುಖಕ್ಕೆ ಯಾವ ನಿಯಮವೂ ಇರಲಿಲ್ಲ. ವಾರದಲ್ಲಿ ಮೊದಲ ಸಲ ಎಲಾದಿಯೊಗೆ ಜೀವ ಬಂತು. ಒಂದು ಆಟದಲ್ಲಿ ಅವನು ನನ್ನ ಕಡೆ ಎರಡೂ ಕಣ್ಣು ಮುಚ್ಚಿದ. ನನ್ನ ಕೈಯಲ್ಲೂ ಕಸವೇ ಇತ್ತು, ನಾನೂ ಮುಚ್ಚಿದೆ. ಕೂಡಲೇ ಅವನು ಮೇಜು ಕುಟ್ಟಿ "ಓರ್ದಾಗೊ" ಎಂದ, ಅಂದರೆ ಇಡೀ ಆಟವನ್ನೇ ಪಂಥಕ್ಕಿಟ್ಟ. ಪಾದ್ರಿ ಅವನ ಮುಖ ನೋಡಿದರು, ತಮ್ಮ ಎಲೆ ನೋಡಿದರು, ಎಲೆ ಕೆಳಗೆ ಹಾಕಿದರು. ಅವರ ಹತ್ತಿರ ಮೂರು ರಾಜರಿದ್ದರು. ಅವತ್ತಿನ ಸಂಜೆಯ ಪ್ರಾರ್ಥನೆ ಬಹಳ ಚುಟುಕಾಗಿತ್ತಂತೆ.

ಶುಕ್ರವಾರ ಎಲ್ಲರಿಗೂ ಟೆಲಿಫೋನು ಪರೀಕ್ಷೆ. ಮಿಕ್ಕವರಿಗೆ ನಾವೇ ಪಕ್ಕದ ಕೋಣೆಯಿಂದ ಫೋನು ಮಾಡುತ್ತೇವೆ. ಎಲಾದಿಯೊಗೆ ಮಾತ್ರ ಫೆಂಕೆ ಮೇಡಮ್ಮೇ ಮಾಡುವುದೆಂದು ಕಂಪನಿಯಿಂದ ಹೇಳಿಕೆ ಬಂತು. ಗುರುವಾರ ಅಭ್ಯಾಸಕ್ಕೆಂದು ನಾನು ಫೋನು ಮಾಡಿ, "ನಿಮ್ಮ ಮಾಲಿನ ವಿಶೇಷ ಏನು?" ಎಂದು ಕೇಳಿದೆ. ಆ ಕಡೆಯಿಂದ ಸದ್ದೇ ಇಲ್ಲ. ಹೋಗಿ ಇಣುಕಿದರೆ, ಫೋನನ್ನು ಕಿವಿಗೂ ಹೆಗಲಿಗೂ ಸಿಕ್ಕಿಸಿಕೊಂಡು, ಕಣ್ಣು ಅರಳಿಸಿ, ಇಲ್ಲದ ತೊಡೆಯನ್ನು ಕೊಯ್ಯುತ್ತಿದ್ದ. ಬೆರಳಿಗೆ ಮುತ್ತಿಟ್ಟು, ಅದನ್ನು ಫೋನಿನ ಕಡೆಗೇ ಊದಿದ.

"ಅದು ಕಾಣಿಸಲ್ಲ ಎಲಾದಿಯೊ," ಎಂದೆ.

ಅವನು ಫೋನನ್ನು ಕೆಳಗಿಟ್ಟು ಕುಸಿದು ಕೂತ. ಅವತ್ತು ನನಗೆ ಸಾರು ಕೂಡ ಒಳಗಿಳಿಯಲಿಲ್ಲ.

ಶುಕ್ರವಾರ ಜೊತೆಗೊಬ್ಬರು ಕೂರಬಹುದು, ಆದರೆ ಬಾಯಿ ಬಿಡುವಂತಿಲ್ಲ ಎಂದಳು ಬೆಗೋನ್ಯ. ನಾನೇ ಕೂತೆ. ಸ್ಪೀಕರಿನಲ್ಲಿ ಫೆಂಕೆಯ ದನಿ ಬಂತು, ತಣ್ಣಗೆ, ಸ್ಪಷ್ಟವಾಗಿ. ಕ್ಷೇಮ ವಿಚಾರಿಸಿದಳು. "ಎಸ್, ವೆರಿ ಗುಡ್, ಪ್ಲೀಸ್," ಎಂದ. ಮುಂದಿನ ವರ್ಷದ ಮಾರಾಟದ ಬಗ್ಗೆ ಕೇಳಿದಳು. "ಎಸ್, ಪ್ಲೀಸ್," ಎಂದ. ಆಮೇಲೆ ಆಕೆ ನಿಧಾನವಾಗಿ, ಮಕ್ಕಳಿಗೆ ಹೇಳುವಂತೆ ಬಿಡಿಸಿ ಕೇಳಿದಳು: "ಎಲಾದಿಯೊ, ನಿಮ್ಮ ಇಂಗ್ಲಿಷ್ ಕೆಲಸಕ್ಕೆ ಸಾಕಾಗುತ್ತೆ ಅಂತ ನಿಮಗನ್ನಿಸುತ್ತಾ?"

ಇದು ಅವನಿಗೆ ಅರ್ಥವಾಯಿತು. ನನ್ನ ಮುಖ ನೋಡಿದ. ಇಡೀ ವಾರ ಒಂದು ಹಿಂಡು ಜನ ಅವನಿಗೆ ಅದ್ಭುತ ಎಂದಿದ್ದರು. ನಾನೂ ತಲೆಯಾಡಿಸಿದ್ದರೆ ಅವನು ಹೌದು ಎನ್ನುತ್ತಿದ್ದ, ಮುಂದಿನ ಪ್ರಶ್ನೆಗೇ ಉಪ್ಪಿನ ಕೋಣೆ ಸೇರುತ್ತಿದ್ದ. ತಲೆಯಾಡಿಸದಿದ್ದರೆ ಅವನ ಮುಖ ಹೇಗಾಗುತ್ತದೋ. ಆದರೆ ನಾವಿಬ್ಬರೂ ಜೋಡಿ.

ನಾನು ಎರಡೂ ಕಣ್ಣು ಮುಚ್ಚಿದೆ. ಅವನ ಮುಖ ನೋಡಲಾರದೆ ಹಾಗೇ ಮುಚ್ಚಿಕೊಂಡು ಕೂತೆ.

"ನೋ," ಎಂದ ಎಲಾದಿಯೊ. "ಮೇಡಂ, ನನ್ನ ಇಂಗ್ಲಿಷ್ ಇಲ್ಲ. ಏನೂ ಇಲ್ಲ. ಅಂಗಡಿ ಜನ, ಅವರೂ ಇಂಗ್ಲಿಷ್ ಇಲ್ಲ. ಸೋಮವಾರ ನನ್ನ ವ್ಯಾನು. ನೀವು ಕೂರೋದು. ನಾನು ಮಾರೋದು. ನೀವು ನೋಡೋದು. ಆಮೇಲೆ ಉಪ್ಪು ಬೇಕಾ, ಉಪ್ಪಿಗೆ ಹಾಕಿ ನನ್ನ."

ಕಣ್ಣು ಬಿಟ್ಟೆ. ಅವನ ಎರಡೂ ಕೈ ಮೇಜಿನ ಮೇಲೆ ಸುಮ್ಮನೆ ಬಿದ್ದಿದ್ದವು.

"ನಿಮ್ಮ ವ್ಯಾನಿನಲ್ಲಿ ಹೀಟರ್ ಇದೆಯಾ?" ಎಂದಳು ಫೆಂಕೆ.

"ನೋ."

"ಹಾಗಾದ್ರೆ ಕೋಟು ತರ್ತೀನಿ. ಎಷ್ಟು ಗಂಟೆಗೆ?"

ಕಸದ ತೊಟ್ಟಿಯ ಹತ್ತಿರ ಬಂದೆವು. ಅವನು ನನ್ನ ಎರಡೂ ತೋಳು ಹಿಡಿದು ಅಲುಗಾಡಿಸಿದ.

"ಕಣ್ಣು ಮುಚ್ಚೇಬಿಟ್ಟೆಯಲ್ಲೇ ಮಾರಾಯ್ತಿ."

"ಮುಚ್ಚಿದೆ."

"ಒಂದು ಕಣ್ಣಾದ್ರೂ ತೆರ್ಕೊಂಡಿರಬಾರದಾಗಿತ್ತಾ?"

"ಅದು ಬೇರೆ ಎಲೆ ಅಂತ ನೀನೇ ಹೇಳ್ಕೊಟ್ಟಿದ್ದು."

ಅವನು ನಕ್ಕ, ನಗುತ್ತಲೇ ಅತ್ತ. ನಾನೂ ಅತ್ತೆ, ನನಗೆ ಧೂಳು ಆಗುತ್ತದೆ, ಆದರೂ ಅತ್ತೆ.

ಸೋಮವಾರ ಫೆಂಕೆ ಕೋಟು ಹಾಕಿಕೊಂಡು ವ್ಯಾನು ಹತ್ತಿದಳು. ಆಕೆ ಮಾಂಸ ಮುಟ್ಟುವವಳೇ ಅಲ್ಲವಂತೆ, ಆದರೂ ಸಂಜೆ ಇಳಿಯುವಾಗ ಒಂದು ತೊಡೆ ಕೊಂಡುಕೊಂಡೇ ಇಳಿದಳು. ಎಲಾದಿಯೊ ಈಗಲೂ ಅದೇ ದಾರಿಯಲ್ಲಿ ಅದೇ ವ್ಯಾನು ಓಡಿಸುತ್ತಾನೆ, ಹೀಟರ್ ಮಾತ್ರ ಹೊಸದು.

ಇಂಗ್ಲಿಷ್ ವಾರದ ಕೊನೆಗೆ ಬೆಗೋನ್ಯ ಎಲ್ಲರಿಗೂ ಒಂದೊಂದು ಪ್ರಮಾಣಪತ್ರ ಕೊಟ್ಟಿದ್ದಳು. ಎಲ್ಲರದರಲ್ಲೂ ಒಂದೇ ಮಾತು, 'ಅತ್ಯುತ್ತಮ'. ಎಲಾದಿಯೊನದಕ್ಕೆ ವಿಸಿ ಚಿನ್ನದ ಬಣ್ಣದ ಚೌಕಟ್ಟು ಹಾಕಿಸಿ ಊಟದ ಮೇಜಿನ ಮೇಲ್ಗಡೆಯ ಗೋಡೆಗೇ ತೂಗುಹಾಕಿದ್ದಾಳೆ. ಮನೆಗೆ ಬಂದವರಿಗೆಲ್ಲ ತೋರಿಸಿ, "ಅದ್ಭುತವಾಗಿ ಮಾತಾಡ್ತಾನಂತೆ," ಎನ್ನುತ್ತಾಳೆ. ನಾನಲ್ಲಿದ್ದರೆ ಎಲಾದಿಯೊ ಚಮಚ ಕೆಳಗಿಟ್ಟು, ಒಮ್ಮೆ ಅದರ ಕಡೆ ನೋಡಿ, ನನ್ನ ಕಡೆ ತಿರುಗಿ, ಎರಡೂ ಕಣ್ಣು ಮುಚ್ಚುತ್ತಾನೆ.